ಕಾರ್ನಿಗನ ಸುಟ್ಟಗಾಯ

"ತೆಗೀರಿ ಸಿರ್ವಾರ್ಟಕ್ಕ, ನನ್ನ ರಕ್ತಾನೂ ತೆಗೀರಿ," ಎಂದು ಕಾರ್ನಿಗ್ ನರ್ಸ್ ಮುಂದೆ ತೋಳು ಚಾಚಿದ. "ಒಂದೇ ತಾಯಿ ಹೆತ್ತ ಇಬ್ಬರು. ಯಾರ ಮೈಯಲ್ಲಿ ಏನಿದೆ ಅಂತ ಅಪ್ಪನಿಗೂ ಗೊತ್ತಾಗ್ಲಿ."

ತಮ್ಮ ನಜಾರ್ ಆಗಲೇ ರಕ್ತ ಕೊಟ್ಟು ಪಕ್ಕದಲ್ಲಿ ಕೂತಿದ್ದ. ನಿನ್ನೆಯಿಂದ ಹೊಟ್ಟೆಯಲ್ಲಿ ಚೂರಿ ಆಡಿಸಿದ ಹಾಗೆ ನೋವು, ಮೈ ಕೆಂಡ. ತಿಂಗಳಿಗೊಮ್ಮೆ ಬಂದು ಮೂರು ದಿನ ಮಲಗಿಸಿ ಹೋಗುವ ಈ ನೋವಿಗೆ ಅಣ್ಣ ಇಟ್ಟ ಹೆಸರು ನಾಟಕ. ಅವರಿದ್ದ ಬುರ್ಜ್ ಹಮ್ಮೂದ್ ಬಡಾವಣೆಯ ಬೀದಿಯೆಲ್ಲ ಅದನ್ನೇ ಹೇಳಿಕೊಂಡು ನಗುತ್ತಿತ್ತು. ನಜಾರನಿಗೆ ಮಾತಾಗಿದ್ದ ಹುಡುಗಿಯ ಮನೆಯವರು ಉಂಗುರ ವಾಪಸು ಕಳಿಸಿದ್ದರು. ನಜಾರ್ ಅದನ್ನು ಮರೆತಿರಲಿಲ್ಲ, ಮರೆಯುವವನೂ ಅಲ್ಲ.

ರಕ್ತವೂ ಅಣ್ಣನ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಮೈಯಲ್ಲಿ ಉರಿಯೂತವಿದ್ದರೆ ಏರಬೇಕಾದ ಸಿಆರ್‌ಪಿ ಹಿಂದಿನ ಎರಡು ಸಲವೂ ನಜಾರನಿಗೆ ಮೂರು ದಾಟಿರಲಿಲ್ಲ. ಕಾರ್ನಿಗನಿಗೇ ಅರವತ್ತು, ಎಪ್ಪತ್ತು. ಲಹ್ಮಜೂನ್ ಎಂಬ ಮಾಂಸದ ರೊಟ್ಟಿ ಬೇಯಿಸುವ ಒಲೆಯ ಮುಂದೆ ದುಡಿಯುವವನು, ಕೈತುಂಬ ಸುಟ್ಟಗಾಯ, ಅದರದ್ದೇ ಇರಬೇಕು ಎಂದಿದ್ದಳು ನರ್ಸ್ ಸಿರ್ವಾರ್ಟ್. ಅಪ್ಪ ಮಿಹ್ರಾನ್ ಆ ಗಾಯಗಳಿಗೆ ಮರುಗಿ ತೀರ್ಮಾನ ಹೇಳಿಬಿಟ್ಟಿದ್ದ. ಈ ಸಲವೂ ಹಾಗೇ ಬಂದರೆ ರೊಟ್ಟಿಯಂಗಡಿ ಕಾರ್ನಿಗನಿಗೆ, ನಜಾರ್ ಮನೆಯಿಂದ ಹೊರಗೆ.

ಸಿರ್ವಾರ್ಟ್ ಎರಡೂ ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸಿ, ಅಪ್ಪನ ಬಿಪಿ ನೋಡಲು ಒಳಗೆ ಹೋದಳು. ಕಾರ್ನಿಗ್ ಅಡುಗೆಮನೆಯಲ್ಲಿ ಕಾಫಿಗಿಟ್ಟ. ಅದು ಉಕ್ಕುವವರೆಗೂ ನಜಾರ್ ಹೊಟ್ಟೆ ಹಿಡಿದುಕೊಂಡು, ಟ್ಯೂಬುಗಳಿದ್ದ ಮೇಜಿಗೆ ಹಣೆ ಆನಿಸಿ ಕೂತಿದ್ದ.

"ಏಳಪ್ಪಾ ನಾಟಕದ ರಾಜ," ಎಂದ ಕಾರ್ನಿಗ್ ಬಂದವನೇ. "ಈ ಕಾಫಿ ಒಳಗೆ ಕೊಟ್ಟು ಬಿದ್ಕೋ ಹೋಗು. ಟ್ಯೂಬು ನಾನು ಲ್ಯಾಬಿನ ಡಬ್ಬಿಗೆ ಹಾಕ್ತೀನಿ."

"ಹಾಕಣ್ಣ. ನಿನಗೆ ಅಭ್ಯಾಸ ಇದೆಯಲ್ಲ." ನಜಾರ್ ತಟ್ಟೆ ಹಿಡಿದು ನಡೆದ.

ಮರುದಿನ ಸಿರ್ವಾರ್ಟ್ ಅಪ್ಪನ ಎದುರೇ ರಿಪೋರ್ಟು ಓದಿದಳು. "ಕಾರ್ನಿಗ್, ಎರಡು. ನಜಾರ್, ನೂರ ನಲವತ್ತು." ತಲೆಯೆತ್ತಿದಳು. "ಇದು ನಾಟಕ ಅಲ್ಲ ಮಿಹ್ರಾನಣ್ಣ. ಡಾಕ್ಟರ ಹತ್ರ ಇದಕ್ಕೆ ಔಷಧಿ ಇದೆ. ಇಷ್ಟು ದಿನ ಸುಮ್ಮನೆ ನರಳಿದಾನೆ ಹುಡುಗ."

ಕಾರ್ನಿಗ್ ದಡಕ್ಕನೆ ಎದ್ದ. "ಸುಳ್ಳು. ಆಗೋಕೇ ಸಾಧ್ಯವಿಲ್ಲ. ಚೀಟಿ ನಾನೇ ಬದಲಾಯಿಸಿ..."

ಅಪ್ಪ ಅವನ ಕೈಯ ಸುಟ್ಟಗಾಯಗಳನ್ನೇ ನೋಡುತ್ತಿದ್ದ.

"ಪ್ರತಿ ಸಲದ ಹಾಗೆ ನೀನು ಬದಲಾಯಿಸಿದ್ದು ನಿಜ ಅಣ್ಣ," ಎಂದ ನಜಾರ್, ಅವನ ಲೋಟಕ್ಕೆ ಕಾಫಿ ಬಗ್ಗಿಸುತ್ತ. "ಈ ಸಲ ನಿನಗಿಂತ ಮೊದಲು ನಾನೊಮ್ಮೆ ಬದಲಾಯಿಸಿದ್ದೆ."