ಗೀರಿನ ಮೇಲೆ ಹೊಳಪು

"ಮೊದಲು ಆ ಗೀರು ತೆಗಿಸೇ. ಹಾಗೇ ಮೇಲೆ ಬಳಿದ್ರೆ ಅದು ಅಲ್ಲೇ ಕೂತುಬಿಡುತ್ತೆ," ಎಂದಳು ಅಮ್ಮ, ಶೆಡ್ಡಿನ ಬಾಗಿಲಲ್ಲಿ ನಿಂತು.

"ಕೂತ್ಕೊಳ್ಳಲಿ," ಎಂದಳು ಮಗಳು.

ಶನಿವಾರ ಬೆಳಿಗ್ಗೆ. ಕಾರು ಮನೆಗೆ ಬಂದು ಹನ್ನೆರಡು ದಿನವಾಗಿತ್ತು. ಕಡು ನೀಲಿ ಬಣ್ಣ. ಚಾಲಕರ ಬಾಗಿಲಿನ ಹಿಡಿಕೆಯ ಕೆಳಗೆ ಒಂದು ಗೇಣುದ್ದದ ಗೀರು. ಬುಧವಾರ ಸಂಜೆ ಮಗಳು ಕೆಲಸದಿಂದ ಬಂದಾಗ ಅದು ಅಮ್ಮನ ಕಣ್ಣಿಗೆ ಬಿತ್ತು. ಅಂದಿನಿಂದ ಬೀದಿಯವರನ್ನೆಲ್ಲ ಅಮ್ಮ ಸರದಿಯ ಮೇಲೆ ಅನುಮಾನಿಸುತ್ತಿದ್ದಳು.

"ಮಾಡಿದವರು ನೋಡಿ ನಗ್ತಾರೆ ಕಣೇ."

"ನಗ್ಲಿ ಬಿಡಮ್ಮ. ದಿನಾ ನೋಡಿ ನಗ್ಲಿ."

ಕಾರನ್ನು ಎರಡು ಸಲ ತೊಳೆದು ಒರೆಸಿಯಾಗಿತ್ತು. ಸ್ಪಿರಿಟ್ ಹಚ್ಚಿ ಜಿಡ್ಡು ತೆಗೆದೂ ಆಗಿತ್ತು. ಈಗ ಕೈಗವಸು ಹಾಕಿಕೊಂಡು, ಕಣ್ಣಿನ ಡ್ರಾಪ್ಸಿನ ಬಾಟಲಿಯಷ್ಟೇ ಇರುವ, ಒಣಗಿದರೆ ಗಾಜಿನಂತೆ ಗಟ್ಟಿಯಾಗುವ ಸೆರಾಮಿಕ್ ಕೋಟಿಂಗ್ ಸೀಸೆಯಿಂದ ನಾಲ್ಕು ಹನಿಯನ್ನು ಬಟ್ಟೆ ಸುತ್ತಿದ ಸ್ಪಂಜಿನ ಬಿಲ್ಲೆಯ ಮೇಲೆ ಬಿಟ್ಟುಕೊಂಡಳು. ಮೊದಲು ಅಡ್ಡ, ಆಮೇಲೆ ಉದ್ದ. ಒಂದು ಸಲಕ್ಕೆ ಎರಡು ಅಡಿ ಜಾಗ, ಹೆಚ್ಚಲ್ಲ. ಒಂದು ನಿಮಿಷ ಕಾದರೆ ಎಣ್ಣೆ ಬಿದ್ದ ನೀರಿನಂತೆ ಏಳು ಬಣ್ಣ ಏಳುತ್ತದೆ. ಆಗ ಒರೆಸಬೇಕು. ಬೇಗ ಒರೆಸಿದರೆ ಹಿಡಿಯುವುದಿಲ್ಲ, ತಡವಾದರೆ ಕಲೆ ನಿಲ್ಲುತ್ತದೆ.

ಅವಳಿಗೆ ಇದೇನೂ ಹೊಸದಲ್ಲ. ಹದಿನಾಲ್ಕು ವರ್ಷದಿಂದ ಲ್ಯಾಬಿನಲ್ಲಿ ಕೂತು ಕಂಡವರ ಬಾಯಿಗೆ ಸೆರಾಮಿಕ್ ಹಲ್ಲು ಮಾಡುತ್ತಿದ್ದಾಳೆ. ತೀರಾ ಬೆಳ್ಳಗಿದ್ದರೆ ಕಟ್ಟಿಸಿದ ಹಲ್ಲೆಂದು ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಸಣ್ಣದೊಂದು ಕಲೆ ಬರೆದು, ಮೇಲೆ ಹೊಳಪು ಕೂರಿಸುತ್ತಾರೆ. ಅವಳ ಕೈಯ ಕಲೆಗೆ ಡಾಕ್ಟರುಗಳೇ ತಲೆದೂಗುತ್ತಾರೆ.

"ನಾಳೆ ನಾಲ್ಕು ಗಂಟೆಗೆ ಅಣ್ಣ ಬಂದು ತಗೊಂಡು ಹೋಗ್ತಾನೆ. ಹೋಗೋ ಕಾರಿಗೆ ಯಾಕೆ ಇಷ್ಟು ಬೆನ್ನು ಮುರ್ಕೋತೀಯ?"

"ನಾಳೆ ನಾಲ್ಕು ಗಂಟೆವರೆಗೂ ನಂದೇ ತಾನೇ?"

ಅಮ್ಮ ಸೆರಗು ಕೊಡವಿ ಒಳಗೆ ಹೋದಳು.

ಕಾರು ಅಣ್ಣನಿಗೆ ಎಂಬ ತೀರ್ಮಾನ ಆದದ್ದು ಮಂಗಳವಾರ. ಅಣ್ಣನಿಗೆ ಆಫೀಸಿನಲ್ಲಿ ಬಡ್ತಿ ಸಿಕ್ಕಿತ್ತು. ದೊಡ್ಡವರನ್ನೆಲ್ಲ ಕೂರಿಸಿಕೊಂಡು ಓಡಾಡಬೇಕು, ತನ್ನ ಹಳೇ ಕಾರಿನ ಕಿಟಕಿಯ ಗಾಜೇ ಏರುವುದಿಲ್ಲ. "ನಿಂದು ನನಗಿರಲಿ, ನಂದು ನಿನಗಿರಲಿ. ನೀನು ಮನೆಯಿಂದ ಲ್ಯಾಬು, ಲ್ಯಾಬಿಂದ ಮನೆ. ನಿನಗ್ಯಾಕೆ ಹೊಸದು?" ಎಂದ. ಕೇಳಿದ್ದಲ್ಲ, ಹೇಳಿದ್ದು. ಅಣ್ಣನದು ಚಿಕ್ಕಂದಿನಿಂದಲೂ ಇದೇ ದರಬಾರು. ಅವಳ ಬಣ್ಣದ ಪೆನ್ಸಿಲ್ ಡಬ್ಬಿ, ಅವಳ ಸೈಕಲ್ಲು, ಎಲ್ಲವೂ ಹೊಸದಾಗಿರುವಷ್ಟು ದಿನ ಅವನದು. ಬಣ್ಣ ಹೋದ ಮೇಲೆ ದೊಡ್ಡ ಮನಸ್ಸು ಮಾಡಿ ವಾಪಸು ಕೊಡುತ್ತಿದ್ದ. ಅಂಚು ಚೂರು ಮುಕ್ಕಾದ ಲೋಟದಲ್ಲಿ ನೀರು ಕುಡಿಯುವ ಆಸಾಮಿಯಲ್ಲ ಅವನು.

ಅವಳು ಕೂಗಾಡಿದಳು. ನನ್ನ ದುಡಿಮೆಯ ಕಾರು, ಕೊಡುವುದಿಲ್ಲ ಎಂದು ಬಾಗಿಲು ಬಡಿದಳು. ಅಮ್ಮ ಊಟ ಬಿಟ್ಟಳು. ಅಪ್ಪ ಹೋದ ಮೇಲೆ ಮನೆಗೆ ಅವನೇ ಹಿರಿಯ, ಅವನ ಮಾತು ಮೀರಿದರೆ ತಾನು ಬದುಕಿರುವುದಿಲ್ಲ ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಆ ಬೆನ್ನನ್ನು ನೋಡಿ ಮಗಳು, "ಆಯ್ತು," ಎಂದಳು.

ಸಂಜೆಯ ಹೊತ್ತಿಗೆ ಮೇಲ್ಛಾವಣಿ, ಬಾನೆಟ್ಟು, ಬಾಗಿಲು ಎಲ್ಲ ಮುಗಿಯಿತು. ಗೀರಿದ್ದ ಬಾಗಿಲಿಗೆ ಎರಡು ಪದರ ಹಚ್ಚಿದಳು. ಅದನ್ನು ಮರುದಿನದವರೆಗೆ ಒಣಗಲು ಬಿಟ್ಟಳು.

ಭಾನುವಾರ ನಾಲ್ಕಕ್ಕೆ ಅಣ್ಣ ಬಂದ. ಪರೀಕ್ಷೆಗೆಂದು ಪರಿಚಯದ ಗ್ಯಾರೇಜಿನವನನ್ನೂ ಕರೆತಂದಿದ್ದ. ಬಾನೆಟ್ಟಿನಲ್ಲಿ ತನ್ನ ಮುಖ ಕಂಡು ತಲೆಗೂದಲು ಸರಿಮಾಡಿಕೊಂಡ. ಕಾರನ್ನು ಸುತ್ತಿ ಬಂದು, ಬಾಗಿಲ ಹತ್ತಿರ ನಿಂತ.

"ಇದೇನೇ?"

"ಗೀರು."

"ಅದು ಕಾಣುತ್ತೆ. ತೆಗಿಸೋಕೆ ಏನಾಗಿತ್ತು?"

ಗ್ಯಾರೇಜಿನವನು ಬಗ್ಗಿ ಉಗುರಾಡಿಸಿದ. "ಮೊನ್ನೆ ತಂದಿದ್ರೆ ಒಂದು ಗಂಟೆ ಕೆಲಸ ಸಾರ್. ಈಗ ಕೋಟಿಂಗ್ ಕೂತಿದೆ, ಇದರ ಮೇಲೆ ಬಣ್ಣ ನಿಲ್ಲಲ್ಲ. ಬಾಗಿಲು ಪೂರ್ತಿ ಉಜ್ಜಿ ಹೊಸ ಪೇಂಟ್ ಹೊಡೀಬೇಕು. ಬಿಸಿಲಲ್ಲಿ ಆ ಬಾಗಿಲೇ ಬೇರೆ ಕಾಣುತ್ತೆ. ಆಕ್ಸಿಡೆಂಟಾದ ಗಾಡಿ ಅಂತಾರೆ ಜನ."

ಅವಳು ಬಾಗಿಲು ತೆರೆದು ಹಿಡಿದಳು. "ಕೂತ್ಕೋ ಅಣ್ಣ. ಐದು ವರ್ಷ ಹೊಳಪು ಹೋಗಲ್ಲ."

"ಹೊಳಪೂ ಹೋಗಲ್ಲ, ಗೀರೂ ಹೋಗಲ್ಲ," ಎಂದ ಗ್ಯಾರೇಜಿನವನು, ಯಾರೂ ಕೇಳದಿದ್ದರೂ.

ಅಣ್ಣನ ಮುಖ ಹುಳ್ಳಗಾಯಿತು. "ದೊಡ್ಡ ಸಾಹೇಬರು ಕೂರೋ ಕಾರು. ಎದುರಿಗೇ ಇಷ್ಟುದ್ದ ಗೀರು! ಒಂದು ಹೊಸ ವಸ್ತು ನೆಟ್ಟಗೆ ಇಟ್ಕೊಳ್ಳೋಕೆ ಬರಲ್ಲ ನಿಂಗೆ. ಇದ್ಯಾವ ಕರ್ಮ ನನಗೆ? ನೀನೇ ಇಟ್ಕೋ." ಗಾಜು ಏರದ ಕಾರನ್ನೇ ಹತ್ತಿ, ಗ್ಯಾರೇಜಿನವನನ್ನೂ ಹತ್ತಿಸಿಕೊಂಡು ಹೋದ. ತಾನೇ ಬೇಡವೆಂದು ಹೋದ ಮಗನ ಪರವಾಗಿ ಅಮ್ಮ ಊಟ ಬಿಡುವಂತೆಯೂ ಇರಲಿಲ್ಲ.

ಮಗಳಿಗೆ ಶೆಡ್ಡಿನಲ್ಲೇ ಕುಣಿಯಬೇಕೆನ್ನಿಸಿತು. ಕಾರು ಉಳಿಯಿತು. ಹುಟ್ಟಿದ ಮೇಲೆ ಮೊದಲ ಸಲ ಅವಳದೊಂದು ವಸ್ತು ಹೊಸದಾಗಿರುವಾಗಲೇ ಅವಳದಾಗಿ ಉಳಿದಿತ್ತು.

ಅಮ್ಮ ಮಾತ್ರ ಗೀರಿನ ಮುಂದೆ ನಿಂತು ಲಟಿಕೆ ಮುರಿದಳು. "ಯಾರು ಮಾಡಿದ್ರೋ, ಅವರ ಕೈ ಸೇದಿಹೋಗ!"

"ಸುಮ್ನಿರಮ್ಮ, ತಟ್ಟಿಬಿಟ್ರೆ ಕಷ್ಟ," ಎಂದು ಮಗಳು ನಕ್ಕಳು.

ಅಮ್ಮ ಒಳಗೆ ಹೋದ ಮೇಲೆ ಅವಳು ಲ್ಯಾಬಿನ ಬೀಗದ ಕೈಯನ್ನು ಬೆಳಕಿಗೆ ಹಿಡಿದು, ಬುಧವಾರದಿಂದ ಅದರ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ನೀಲಿ ಬಣ್ಣವನ್ನು ಸೂಜಿಯಿಂದ ಕೆದಕಿ ತೆಗೆದಳು.