ಕಾಲು ಮುಂದಾಗಿ ಹುಟ್ಟಿದವರು

ಗಂಡಸಿ ಊರಿನ ಬೋರಮ್ಮ ತಲೆತುಂಬ ಸೆರಗು ಹೊದ್ದು, ಕಳ್ಳಿಯ ಹಾಗೆ ಅತ್ತಿತ್ತ ನೋಡಿ, ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿದ್ದ ಬೆನ್ನುಮೂಳೆ ಕ್ಲಿನಿಕ್ಕಿಗೆ ನುಗ್ಗಿದಳು. ನುಗ್ಗಿದಳು ಎನ್ನುವುದು ಸುಳ್ಳು. ಸೊಂಟ ಹಿಡಿದು ಮೂರು ದಿನದಿಂದ ರಾಗಿ ಕೊಯ್ಯುವವಳಂತೆ ಬಾಗಿಯೇ ಇದ್ದಳು. ಅತ್ತಿತ್ತ ನೋಡಿದರೂ ಕಂಡದ್ದು ಜನರ ಚಪ್ಪಲಿ ಮಾತ್ರ.

ಕದ್ದು ಬರಲು ಕಾರಣವಿತ್ತು. ಬೋರಮ್ಮ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ನಲವತ್ತು ವರ್ಷದಿಂದ ಸುತ್ತಿನ ಹಳ್ಳಿಯ ಗಂಡಸರು ಅವಳ ಹೊಸ್ತಿಲ ಮುಂದೆ ಬೋರಲು ಮಲಗಿ, ಮೂರು ಒದೆ ತಿಂದು, ಕೈಮುಗಿದು ಹೋಗಿದ್ದಾರೆ. ಪಂಚಾಯ್ತಿ ಅಧ್ಯಕ್ಷರನ್ನೂ ಬಿಟ್ಟವಳಲ್ಲ. ಅಂಥವಳ ಸೊಂಟವೇ ಹಿಡಿದಿದೆಯೆಂದು ಊರಿಗೆ ಗೊತ್ತಾದರೆ ಮುಖ ಎಲ್ಲಿಡುವುದು? ತನ್ನ ಬೆನ್ನಿಗೆ ತಾನೇ ಒದ್ದುಕೊಳ್ಳೋಣವೆಂದರೆ ದೇವರು ಕಾಲನ್ನು ಹಾಗೆ ಜೋಡಿಸಿಯೂ ಇಲ್ಲ.

"ಹೇಗಾಯ್ತಮ್ಮ?" ಡಾಕ್ಟರ್ ಹೇಮಾಶ್ರೀ ಕೇಳಿದಳು. ಇನ್ನೂ ಮೂವತ್ತು ದಾಟದ ಹುಡುಗಿ.

"ಒದಿಯಾಕೋಗಿ ಕಣವ್ವ."

"ಯಾರನ್ನ?"

"ಕೊಬ್ರಿ ತಿಮ್ಮಯ್ಯನ್ನ. ಆಳು ಕ್ವಿಂಟಾಲ್ ಅವ್ನೆ. ಮೂರ್ನೇ ಒದೆಗೆ ಅವನು ಅಲ್ಲಾಡ್ನಿಲ್ಲ, ನನ್ ಸೊಂಟ ಚಳಕ್ ಅಂತು."

ಹೇಮಾಶ್ರೀ ನಗು ನುಂಗಿಕೊಂಡು, ಮೂಲೆಯಲ್ಲಿ ತೂಗುಹಾಕಿದ್ದ ಪ್ಲಾಸ್ಟಿಕ್ ಬೆನ್ನುಮೂಳೆ ತೋರಿಸಿದಳು. "ಇಲ್ಲಿ ಹಿಡಿದ್ರೆ ಬೆನ್ನೊಂದೇ ಅಲ್ಲಮ್ಮ. ನಡಿಗೆ ಕೆಡುತ್ತೆ, ನಿದ್ದೆ ಕೆಡುತ್ತೆ. ನಿದ್ದೆ ಕೆಟ್ರೆ ಊಟ ಸೇರಲ್ಲ, ಮನೆಯವರ ಮೇಲೆ ರೇಗಾಟ."

"ನಿಜ ಕಣವ್ವ! ಬೆಳಿಗ್ಗೆ ಸುಮ್‌ಸುಮ್ನೆ ಸೊಸೆ ಮೇಲೆ ಹಾರಾಡ್ಬುಟ್ಟೆ."

ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿ, ಮೊಣಕಾಲು ಮಡಿಸಿ, ಹುಡುಗಿ ಒಂದು ಕಡೆ ಒತ್ತಿದಳು. ಲಟಕ್ ಎಂದಿತು. ಬೋರಮ್ಮ ಮೆಲ್ಲಗೆ ಎದ್ದು ನಿಂತಳು. ಮೂರು ದಿನದ ಮೇಲೆ ಮೊದಲ ಬಾರಿಗೆ ಫ್ಯಾನು ಕಂಡಿತು.

"ನೀನೂ ಕಾಲು ಮುಂದಾಗೇ ಹುಟ್ಟಿದೋಳಾ?"

"ಇಲ್ಲಮ್ಮ, ನಮ್ಮಮ್ಮಂಗೆ ಆಪರೇಷನ್ ಮಾಡಿ ತೆಗೆದ್ರು. ಇದು ಓದಿ ಕಲಿತದ್ದು."

ಬೋರಮ್ಮನಿಗೆ ಸೊಂಟದ ನೋವು ಇಳಿದು ತಲೆಗೆ ಚಿಂತೆ ಏರಿತು. ಓದಿದರೆ ಯಾರಿಗಾದರೂ ಬರುವ ವಿದ್ಯೆಯಾದರೆ, ತಾನು ಹಾಗೆ ಹುಟ್ಟಿ ಅವ್ವನನ್ನು ಅಷ್ಟು ಗೋಳಾಡಿಸಿದ್ದು ಯಾವ ಭಾಗ್ಯಕ್ಕೆ?

ಅಷ್ಟರಲ್ಲಿ ಬಾಗಿಲು ತೆರೆಯಿತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಒಳಗೆ ಬಂದವನು ತಿಮ್ಮಯ್ಯನೇ!

"ಬೋರಕ್ಕಾ!"

"ನಿನ್ ಸೊಂಟ ಬಿಟ್ಟಿಲ್ವೇನೋ? ಅವತ್ತು ಬಿಡ್ತು ಅಂದ್ಯಲ್ಲೋ!"

"ನಿನ್ ಮನಸ್ಸಿಗೆ ಬೇಜಾರಾಯ್ತದೆ ಅಂತ ಹಂಗಂದೆ ಕಣಕ್ಕ." ತಿಮ್ಮಯ್ಯ ತಲೆ ತಗ್ಗಿಸಿದ. ಆಮೇಲೆ ಏನೋ ಹೊಳೆದವನಂತೆ ಕಣ್ಣು ಕಿರಿದು ಮಾಡಿ ಕೇಳಿದ: "ಅಲ್ಲಾ, ನೀನ್ಯಾಕೆ ಬಂದೆ ಇಲ್ಲಿಗೆ?"

ಬೋರಮ್ಮನ ನಲವತ್ತು ವರ್ಷದ ಮರ್ಯಾದೆ ಕೊಬ್ಬರಿ ವ್ಯಾಪಾರಿಯ ನಾಲಿಗೆಯ ಮೇಲೆ ನಿಂತಿತ್ತು. ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ.

"ನಾನಾ? ಈ ಹುಡುಗಿನ ನೋಡ್ಕಂಡು ಹೋಗಾನ ಅಂತ ಬಂದೆ. ಇವ್ಳೂ ನನ್ನಂಗೇ ಕಾಲು ಮುಂದಾಗಿ ಹುಟ್ಟಿದೋಳು ಕಣ್ಲಾ."

ತಿಮ್ಮಯ್ಯ ಡಾಕ್ಟರ ಕಡೆ ತಿರುಗಿದ. ಡಾಕ್ಟರು ಬೋರಮ್ಮನ ಮುಖ ನೋಡಿದಳು. ಆ ಮುದುಕಿಯ ಕಣ್ಣು ಬೇಡಿಕೊಳ್ಳುತ್ತಿತ್ತು.

"ಹೂಂ, ಯಜಮಾನ್ರೇ," ಎಂದಳು ಹೇಮಾಶ್ರೀ. "ನಾನೂ ಹಾಗೇ."

"ಮೊದ್ಲೇ ಹೇಳ್ಬಾರ್ದಾ ತಾಯಿ!" ತಿಮ್ಮಯ್ಯ ಚಪ್ಪಲಿ ಬಿಟ್ಟು, ಮಂಚದ ಕಡೆ ತಿರುಗಿಯೂ ನೋಡದೆ, ನೆಲದ ಮೇಲೆ ಬೋರಲು ಮಲಗಿಬಿಟ್ಟ. "ಹಂಗಾರೆ ಒದೀರಿ. ಒತ್ತೋದು ಗಿತ್ತೋದು ಏನೂ ಬ್ಯಾಡ."

ಐದು ವರ್ಷ ಓದಿದ ಡಾಕ್ಟರು ಒಂದು ಕಾಲೆತ್ತಿ, ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಬೋರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ನಡೆದು ಬಂದು ಅವಳ ಪಕ್ಕ ನಿಂತಳು.

"ಬಲಗಾಲಲ್ಲ ಕಣವ್ವ, ಎಡಗಾಲು," ಎಂದು ಗಟ್ಟಿಯಾಗಿ ಹೇಳಿದಳು. ಆಮೇಲೆ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು: "ಜೋರಾಗಿ ಒದಿಬ್ಯಾಡ. ನಿನ್ ಸೊಂಟಾನೂ ಹಿಡ್ಕಂಡ್ರೆ ನಾವಿಬ್ರೂ ಯಾರತ್ರ ಹೋಗಾನ?"