ರಟ್ಟಿನ ತಳ

ಬಿಸಿ ಡಾಂಬರಿನ ವಾಸನೆ ಬಂದರೆ ಈಗಲೂ ನಾನು ಕೂತಲ್ಲೇ ಕಾಲು ಮೇಲೆತ್ತಿಕೊಳ್ಳುತ್ತೇನೆ.

ಅಪ್ಪನ ಹಳೆಯ ಕಾರಿನಲ್ಲಿ ಹಿಂದಿನ ಸೀಟಿನ ಮುಂದಿದ್ದ ತಳವನ್ನೆಲ್ಲ ತುಕ್ಕು ತಿಂದಿತ್ತು. ಸ್ಟೇಷನ್ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಮೌಲಾಸಾಬ ಕಾಕಾ ಅದನ್ನು ಕತ್ತರಿಸಿ ತೆಗೆದರು. ಡಾಂಬರಿನ ಖಾಲಿ ಪೀಪಾಯಿಯ ತಗಡು ಬಿಡಿಸಿ, ಬಡಿದು, ಹೊಸ ತಳ ಕೂಡಿಸಲು ಎರಡು ದಿನ ಬೇಕಿತ್ತು. ಆದರೆ ತೊರವಿಯಿಂದ ಅಜ್ಜಿಯನ್ನು ಅಂದೇ ತಿಕೋಟಾದ ಮನೆಗೆ ಕರೆತರಬೇಕಿತ್ತು. ಕಾಕಾ ತಗಡಿನ ಅಳತೆಗೆಂದು ಕತ್ತರಿಸಿದ್ದ ರಟ್ಟಿಗೇ ಬಿಸಿ ಡಾಂಬರು ಬಳಿದು ಹಾಸಿದರು.

"ಇದರ ಮ್ಯಾಲ ಕಾಲ ಇಡಬ್ಯಾಡವಾ, ಬರೇ ಧೂಳಿಗಂತ ಹಾಕೇನಿ," ಎಂದರು ನನಗೆ.

ದಾರಿಯಲ್ಲಿ ಅಪ್ಪ ಹೇಳಿದ: "ಅಜ್ಜಿಗಿ ಹೇಳಬ್ಯಾಡ, ಅಂಜತಾಳ. ಹೆಂಗೂ ಆಕಿ ಕಾಲ ಮಡಚೇ ಕೂಡತಾಳ."

ಅಜ್ಜಿ ಎಂದಿನಂತೆ ಚಪ್ಪಲಿ ಕೆಳಗೆ ಬಿಟ್ಟು ಸೀಟಿನ ಮೇಲೆ ಕಾಲು ಮಡಚಿ ಕುಳಿತಳು. ರಟ್ಟು ಸ್ವಲ್ಪ ಬಾಗಿತು. ಪಕ್ಕದಲ್ಲಿ ಕಾಲು ಮೇಲೆತ್ತಿ ಕುಳಿತಿದ್ದ ನನ್ನ ಕಣ್ಣು ಅಲ್ಲೇ ನೆಟ್ಟಿತ್ತು. ತೊರವಿ ದಾಟಿದ ಮೇಲೆ ಕಾರು ಒಂದು ತಗ್ಗಿಗೆ ಇಳಿದು ಎದ್ದಿತು. ರಟ್ಟು ಮಡಚಿಕೊಂಡು ಕೆಳಗೆ ಬಿತ್ತು, ಚಪ್ಪಲಿ ಅದರ ಜೊತೆಗೇ ಹೋದವು. ಅಲ್ಲಿ ರಸ್ತೆ ಓಡುತ್ತಿತ್ತು, ಒಂದೊಂದು ಕಲ್ಲೂ ಕಾಣುವಷ್ಟು ಹತ್ತಿರ. ನಾನು ಅಜ್ಜಿಯ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಜ್ಜಿ ಚೀರಲಿಲ್ಲ. ನನ್ನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಕಿವಿಯಲ್ಲಿ ಹೇಳಿದಳು: "ಸುಮ್ಕಿರು. ನಿಮ್ಮಪ್ಪ ಗಾಡಿ ಹೊಡೆಯಾಕತ್ತಾನ, ಅಂಜತಾನ."

ಮನೆಯ ಮುಂದೆ ಇಳಿದಾಗ ಅಪ್ಪ ಅವಳ ಬರಿಗಾಲು ನೋಡಿದ. "ಚಪ್ಪಲಿ ಎಲ್ಲಿ ಬೇ?"

"ತೊರವ್ಯಾಗ ಮರತ ಬಂದೆಪಾ," ಎಂದಳು ಅಜ್ಜಿ, ನಗುತ್ತಲೇ. ನನ್ನ ಕೈಯನ್ನು ಮಾತ್ರ ಅವಳು ಇನ್ನೂ ಬಿಟ್ಟಿರಲಿಲ್ಲ.